ಹಿಮದ ಬುರುಡೆ ಬಿಡೋದು ಹೇಗೆ?

ಪ್ರಶ್ನೆ: ಒಂದು ಹಾಸ್ಯ ಬರಹದಲ್ಲಿ ಆಳವಾದ ಹಿಮದ ವರ್ಣನೆ ಬರುತ್ತದೆ. "ಸಾವಿರ ಅಡಿ ಹಿಮ ಬಿದ್ದು ಆಕಾಶ ಮುಟ್ಟಿತ್ತು" ಅಂತ ಬರೆದೆ. ಓದಿದವರು ಯಾರೂ ನಗಲಿಲ್ಲ. ಉತ್ಪ್ರೇಕ್ಷೆ ಸಾಲದಾಯಿತೇ?

ಉತ್ತರ: ಸಾಲದೆ ಏನು, ಜಾಸ್ತಿಯೇ ಆಗಿದೆ. ಸಾವಿರ ಅಡಿ ಅಂದ ಕೂಡಲೇ ನೀವು ರೈಲು ಬಿಡ್ತಿದ್ದೀರಿ ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಆಮೇಲೆ ಯಾರು ತಾನೇ ನಗ್ತಾರೆ? ಅದೂ ಅಲ್ಲದೆ, ಹಿಮದ ವಿಷಯದಲ್ಲಿ ಅಂಕಿಗಳ ಜೊತೆ ಪೈಪೋಟಿಗೆ ಇಳಿಯಬಾರದು, ಯಾಕೆಂದರೆ ನಿಜವೇ ಬುರುಡೆ ಥರ ಇದೆ. ಜಪಾನಿನ ಇಬುಕಿ ಬೆಟ್ಟದಲ್ಲಿ 1927ರ ಫೆಬ್ರವರಿಯಲ್ಲಿ ಅಳೆದ ಹಿಮದ ಆಳ 11.82 ಮೀಟರ್. ಏಳು ಜನ ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ಮೇಲಿನವನ ತಲೆ ಹೊರಗೆ ಕಾಣುವುದಿಲ್ಲ!

ಹಾಗಾಗಿ ಅಡಿಯ ಲೆಕ್ಕ ಬಿಡಿ, ಹಿಮದಿಂದ ಏನೇನು ಪಜೀತಿ ಆಯಿತು ಅಂತ ಹೇಳಿ. "ಅಂಚೆಯವನು ಚಿಮಣಿಯೊಳಗೆ ಕಾಗದ ಹಾಕಿ, ಮನೆ ಇದೇನಾ ಅಂತ ಕೂಗಿ ಕೇಳಿದ." ಇಲ್ಲವೇ, "ಹಿಮ ತೆಗೆಯೋಕೆ ಸನಿಕೆ ಬೇಕಿತ್ತು, ಆ ಸನಿಕೆ ಹುಡುಕೋಕೆ ಇನ್ನೊಂದು ಸನಿಕೆ ಬೇಕಿತ್ತು." ಅಂಕಿ ಒಂದೂ ಇಲ್ಲ, ಆದರೆ ಎಷ್ಟು ಹಿಮ ಅಂತ ಓದುಗರೇ ಲೆಕ್ಕ ಹಾಕಿಕೊಳ್ಳುತ್ತಾರೆ. ಹೇಳುವಾಗ ಮಾತ್ರ ಮುಖ ಗಂಭೀರವಾಗಿರಲಿ, ಆಶ್ಚರ್ಯ ಚಿಹ್ನೆ ಬೇಡ. (ಮೇಲೆ ನಾನೇ ಒಂದು ಹಾಕಿದ್ದೇನೆ, ಆದರೆ ಅದು ನಿಜ ಸಂಗತಿ, ನಡೆಯುತ್ತೆ.)

ಈ ಕಲೆಯಲ್ಲಿ ಎಲ್ಲರಿಗಿಂತ ಪಳಗಿದವನು 18ನೇ ಶತಮಾನದ ಬುರುಡೆ ಕಥೆಗಳ ಬ್ಯಾರನ್ ಮಂಚೌಸೆನ್. ರಷ್ಯಾಕ್ಕೆ ಹೊರಟವನು ರಾತ್ರಿ ಹಿಮದ ಮೇಲೆ ಕಂಡ ಒಂದು ಮೋಟುಮರಕ್ಕೆ ಕುದುರೆ ಕಟ್ಟಿ ಮಲಗುತ್ತಾನೆ. ಬೆಳಗ್ಗೆ ಎದ್ದರೆ ಚರ್ಚಿನ ಅಂಗಳದಲ್ಲಿದ್ದಾನೆ, ಕುದುರೆ ಗೋಪುರದ ತುದಿಯಲ್ಲಿ ನೇತಾಡ್ತಿದೆ! ರಾತ್ರೋರಾತ್ರಿ ಹಿಮ ಕರಗಿದೆ, ಅವನು ಎಚ್ಚರವಾಗದಂತೆ ಮೆಲ್ಲಗೆ ಕೆಳಗಿಳಿದಿದ್ದಾನೆ. ಎಷ್ಟಡಿ ಹಿಮ ಅಂತ ಅವನು ಹೇಳುವ ಗೋಜಿಗೇ ಹೋಗುವುದಿಲ್ಲ.

ತಮಾಷೆ ಅಂದರೆ ಹೀಗೆ ಎತ್ತರದಲ್ಲಿ ಉಳಿದ ಮೋಟುಮರಗಳು ನಿಜವಾಗಿಯೂ ಇದ್ದವು. 1846-47ರ ಚಳಿಗಾಲದಲ್ಲಿ ಅಮೆರಿಕದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಸಿಕ್ಕಿಬಿದ್ದ ವಲಸಿಗರ ತಂಡವೊಂದು ಹಿಮದ ಮೇಲೆ ನಿಂತು ಸೌದೆಗೆ ಮರ ಕಡಿಯಿತು. ಹಿಮ ಕರಗಿದ ಮೇಲೆ ನೋಡಿದರೆ ಮೋಟುಗಳ ತುದಿ ಆಳೆತ್ತರಕ್ಕಿಂತ ಎಷ್ಟೋ ಮೇಲಿತ್ತು. ಆ ತಂಡದಲ್ಲಿ ಸುಮಾರು ಅರ್ಧ ಜನ ಸತ್ತರು, ಆದ್ದರಿಂದ ಅದನ್ನು ನಿಮ್ಮ ಹಾಸ್ಯಕ್ಕೆ ಎಳೆಯಬೇಡಿ.

ಪ್ರಶ್ನೆ: ಹೀಗೆ ಹಿಗ್ಗಿಸಿ ಹೇಳೋದು ಉತ್ಪ್ರೇಕ್ಷೆಯೋ ಅತಿಶಯೋಕ್ತಿಯೋ?

ಉತ್ತರ: ಮಾತಿನಲ್ಲಿ ಎರಡೂ ಒಂದೇ. ಅಲಂಕಾರದ ಲೆಕ್ಕದಲ್ಲಿ ಬೇರೆ ಬೇರೆ. ಹಿಮ ಬಿದ್ದ ಮನೆಗಳು ಬಿಳಿ ಕಂಬಳಿ ಹೊದ್ದು ಮಲಗಿವೆಯೋ ಏನೋ ಅಂತ ಕಲ್ಪಿಸಿದರೆ ಉತ್ಪ್ರೇಕ್ಷೆ. ಚಿಮಣಿಗೆ ಕಾಗದ ಹಾಕಿದ ಅಂಚೆಯವನು ಅತಿಶಯೋಕ್ತಿ. ಪರೀಕ್ಷೆ ಬರೆಯೋರು ಇದನ್ನು ನೆನಪಿಡಿ, ಉಳಿದವರಿಗೆ ಬಿಟ್ಟಿದ್ದು.

ಪ್ರಶ್ನೆ: ಹಿಮ ಬೀಳುವ ಊರಲ್ಲಿರುವ ಗೆಳೆಯ, ಮನೆಯ ಬಾಗಿಲು ಪೂರ್ತಿ ಮುಚ್ಚಿಹೋದ ಫೋಟೊ ಕಳಿಸಿ, "ಮಹಡಿ ಕಿಟಕಿಯಿಂದ ಹೊರಗೆ ಬಂದೆ" ಅಂತಾನೆ. ಕಿವಿ ಮೇಲೆ ಹೂವು ಇಡ್ತಿದ್ದಾನಾ?

ಉತ್ತರ: ಇಲ್ಲ ಅಂತಲೇ ಇಟ್ಟುಕೊಳ್ಳಿ. ಗಾಳಿ ಜೋರಾಗಿದ್ದರೆ ಹಿಮ ಸಮನಾಗಿ ಬೀಳುವುದಿಲ್ಲ. ಗಾಳಿ ಅದನ್ನು ಹೊತ್ತು ತಂದು ಗೋಡೆಯ ಮರೆಯಲ್ಲಿ ಸುರಿಯುತ್ತದೆ, ಅಲ್ಲಿ ಛಾವಣಿ ಮುಟ್ಟುವ ಗುಡ್ಡೆ ಏಳಬಹುದು, ಅದೇ ಹೊತ್ತಿಗೆ ಇನ್ನೊಂದು ಪಕ್ಕದಲ್ಲಿ ನೆಲದ ಹುಲ್ಲೂ ಕಾಣುತ್ತಿರಬಹುದು. ಆದರೆ "ಈ ವರ್ಷ ಹತ್ತು ಮೀಟರ್ ಬಿತ್ತು" ಅಂದರೆ ಸ್ವಲ್ಪ ಹುಷಾರು. ಬಿದ್ದದ್ದೇ ಬೇರೆ, ನಿಂತದ್ದೇ ಬೇರೆ. ಅಮೆರಿಕದ ಮೌಂಟ್ ಬೇಕರ್‌ನಲ್ಲಿ 1998-99ರ ಹಂಗಾಮಿನಲ್ಲಿ ಒಟ್ಟು ಸುಮಾರು 29 ಮೀಟರ್ ಹಿಮ ಬಿತ್ತು, ಹಾಗಂತ ಅಷ್ಟೂ ಒಮ್ಮೆಗೇ ನಿಂತಿರಲಿಲ್ಲ. ಹೊಸ ಹಿಮದಲ್ಲಿ ಗಾಳಿಯೇ ಜಾಸ್ತಿ, ದಿನ ಕಳೆದಂತೆ ತನ್ನ ಭಾರಕ್ಕೆ ತಾನೇ ಕುಗ್ಗುತ್ತದೆ. ಇಲ್ಲಿ ಅಂಕಿ ಸುಳ್ಳಲ್ಲ, ಕೇಳಿದವರ ಮನಸ್ಸಿನಲ್ಲಿ ಮೂಡುವ ಚಿತ್ರ ಸುಳ್ಳು.

ಗೆಳೆಯನ ಜೊತೆ ಜಗಳ ಬೇಡ. ಸುಮ್ನೆ ಇನ್ನೊಂದು ಫೋಟೊ ಕೇಳಿ, ಮನೆಯ ಹಿಂಬದಿಯದು.