ಆಪರೇಷನ್ ಆದ ಮೇಲೆ ಅಮ್ಮ ಹೀಗ್ಯಾಕಾದರು?

ಪ್ರಶ್ನೆ: ಅಮ್ಮನಿಗೆ 78 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯಿತು. ಎರಡನೇ ರಾತ್ರಿಯಿಂದ ಏನೇನೋ ಮಾತಾಡುತ್ತಾರೆ, ಡ್ರಿಪ್ ಕಿತ್ತು ಹಾಕುತ್ತಾರೆ. ವಾರ್ಡಿನವರು ಕೈ ಕಟ್ಟಿದ್ದಾರೆ. ಮರೆವಿನ ಕಾಯಿಲೆ ಶುರುವಾಯಿತಾ? ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಡಿಸ್ಚಾರ್ಜ್ ಆದ ಮೇಲೆ ಕೆಲವು ತಿಂಗಳು ಆರೈಕೆ ಕೇಂದ್ರಕ್ಕೆ ಸೇರಿಸಿದರೆ ತಪ್ಪಾ?
– ಓದುಗರು, ದಾವಣಗೆರೆ

ಉತ್ತರ: ಬೀಳುವ ಮುಂಚೆ ಅಮ್ಮ ಸರಿಯಾಗೇ ಮಾತಾಡುತ್ತಿದ್ದರು ಅಲ್ವಾ? ಹಾಗಿದ್ದರೆ ಇದು ಮರೆವಿನ ಕಾಯಿಲೆ ಇರಲಾರದು, ಅದು ರಾತ್ರೋರಾತ್ರಿ ಬರುವುದಿಲ್ಲ. ಹೀಗೆ ದಿಢೀರನೆ ಶುರುವಾಗಿ ಹಗಲು ಕಮ್ಮಿ, ರಾತ್ರಿ ಜಾಸ್ತಿ ಆಗುವ ಗೊಂದಲಕ್ಕೆ ಡೆಲಿರಿಯಂ ಅನ್ನುತ್ತಾರೆ. ಸೊಂಟದ ಆಪರೇಷನ್ ಆದ ವಯಸ್ಸಾದವರಲ್ಲಿ ಇದು ತುಂಬಾ ಸಾಮಾನ್ಯ. ಹಾಗಂತ "ವಯಸ್ಸಾಯ್ತಲ್ಲ, ಬಿಡಿ" ಅಂದರೆ ಒಪ್ಪಬೇಡಿ. ಕಾರಣ ಹುಡುಕಬೇಕು. ಮೂತ್ರದ ಸೋಂಕೋ, ರಕ್ತದಲ್ಲಿ ಸೋಡಿಯಂ (ಉಪ್ಪಿನಂಶ) ಇಳಿದಿದೆಯೋ, ನೋವು ತಡೆಯಲಾಗುತ್ತಿಲ್ಲವೋ, ಮಲಬದ್ಧತೆಯೋ, ನಿದ್ದೆ ಮಾತ್ರೆಯದೇ ಕಾಟವೋ. ಡಾಕ್ಟರು ರೌಂಡ್ಸಿಗೆ ಬಂದಾಗ ಇದನ್ನೆಲ್ಲ ಕೇಳಿ, ಜೊತೆಗೆ ಯೂರಿನ್ ಪೈಪ್ ಇನ್ನೂ ಬೇಕಾ ಅಂತಲೂ ಕೇಳಿ.

ಕೈ ಕಟ್ಟಿದರೆ ಗಾಬರಿ ಇನ್ನೂ ಜಾಸ್ತಿ. ಅದರ ಬದಲು ರಾತ್ರಿ ಮನೆಯವರೊಬ್ಬರು ಪಕ್ಕದಲ್ಲಿ ಕೂರುತ್ತೇವೆ ಅಂತ ಹೇಳಿ ಬಿಡಿಸಲು ನೋಡಿ. ಇನ್ನೊಂದು, ಅಮ್ಮನ ಕನ್ನಡಕ, ಕಿವಿಯ ಮಷೀನು, ಹಲ್ಲಿನ ಸೆಟ್ಟು ಎಲ್ಲಿವೆ? ಕಳೆದುಹೋದೀತು ಅಂತ ಬ್ಯಾಗಿನಲ್ಲಿ ಎತ್ತಿಟ್ಟಿರುತ್ತೀರಿ, ಎಲ್ಲರೂ ಮಾಡುವುದು ಅದೇ. ಅವನ್ನು ಹೊರಗೆ ತೆಗೆದು ಅಮ್ಮನಿಗೆ ಹಾಕಿ. ಕಣ್ಣು ಕಾಣದೆ, ಕಿವಿ ಕೇಳದೆ, ಗೊತ್ತಿಲ್ಲದ ಜಾಗದಲ್ಲಿ ಮಲಗಿದರೆ ಯಾರಿಗಾದರೂ ದಿಕ್ಕು ತಪ್ಪುತ್ತದೆ. ಹಗಲು ಪರದೆ ಸರಿಸಿಡಿ. ಡಾಕ್ಟರು ಹ್ಞೂಂ ಅಂದ ಕೂಡಲೇ ಎಬ್ಬಿಸಿ ಕೂರಿಸಿ, ವಾಕರ್ ಹಿಡಿದು ನಿಲ್ಲಲಿ.

ಕೇಂದ್ರಕ್ಕೆ ಸೇರಿಸುವುದು ಖಂಡಿತ ತಪ್ಪಲ್ಲ, ನೆಂಟರು ಏನಾದರೂ ಅಂದುಕೊಳ್ಳಲಿ. ಆದರೆ ಹೂದೋಟ, ಭಜನೆ ಹಾಲ್ ನೋಡಿ ಮರುಳಾಗಬೇಡಿ. ಸಂಜೆ ಕಳೆದ ಮೇಲೆ, ಮುಂಚೆ ಹೇಳದೆ ಒಮ್ಮೆ ಹೋಗಿ. ರಾತ್ರಿ ಪಾಳಿಯಲ್ಲಿ ನರ್ಸ್ ಇದ್ದಾರಾ, ಒಬ್ಬ ಆಯಾಗೆ ಎಷ್ಟು ಜನ, ಏಳಲಾರದವರನ್ನು ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸುತ್ತಾರಾ, ವ್ಯಾಯಾಮ ಮಾಡಿಸುವ ಫಿಸಿಯೋ ವಾರಕ್ಕೆ ಎಷ್ಟು ಸಲ ಬರುತ್ತಾರೆ, ಇಷ್ಟು ಕೇಳಿ. ನೀರಿನ ಲೋಟ ಮಂಚದಿಂದ ಕೈಗೆ ಸಿಗುವಂತಿದೆಯಾ ಅಂತ ಸುಮ್ನೆ ಕಣ್ಣಾಡಿಸಿ. ನಡೆಯಬಲ್ಲವರಿಗೂ ಡೈಪರ್ ಹಾಕಿ ಮಲಗಿಸಿದ್ದರೆ ಆ ಜಾಗ ಬೇಡವೇ ಬೇಡ, ಎಷ್ಟೇ ಕಮ್ಮಿ ದುಡ್ಡಾಗಲಿ.

ನಿಮ್ಮ ಕಡೆ ಯಾವ ಕೇಂದ್ರಗಳಿವೆ ಅನ್ನುವುದಕ್ಕೆ 14567ಗೆ ಫೋನ್ ಮಾಡಿ. ಹಿರಿಯರ ಸಹಾಯವಾಣಿ ಅದು, ಫೋನಿಗೆ ಕಾಸು ಬೀಳುವುದಿಲ್ಲ. ಸೇರಿಸಿದ ಮೇಲೆ ಅಮ್ಮನನ್ನು ಸರಿಯಾಗಿ ನೋಡಿಕೊಳ್ಳದಿದ್ದರೂ ಅಲ್ಲಿಗೇ ಹೇಳಬಹುದು.