ಶರ್ಟ್ ಲೈನನ್ನು ಪ್ಯಾಂಟ್ ಲೈನ್ ಮಾಡಲು ಎರಡು ದಿನ ಸಾಕಾ?

ಲಗ್ಗೆರೆಯಲ್ಲಿ 40 ಜನರ ಸಣ್ಣ ಯೂನಿಟ್, ಇಷ್ಟು ದಿನ ಸ್ಕೂಲ್ ಶರ್ಟ್ ಹೊಲಿಸುತ್ತಿದ್ದಿರಿ, ಈಗ ಪ್ಯಾಂಟ್ ಆರ್ಡರ್ ಬಂದಿದೆ, ಲೈನ್ (ಸಾಲಾಗಿ ಕೂತು ಒಬ್ಬೊಬ್ಬರು ಒಂದೊಂದು ಭಾಗ ಹೊಲಿಯುವ ಮಿಷನ್ ಸಾಲು) ಬದಲಾಯಿಸಲು ಎರಡು ದಿನ ಸಾಕಾ ಅಂತ ಕೇಳಿದ್ದೀರಿ. ನಾನು ಪೀಣ್ಯದಲ್ಲಿ ಟೈಲರ್ ಆಗಿ ಸೇರಿದವಳು. ಈಗ ಹನ್ನೊಂದು ವರ್ಷದಿಂದ ಲೈನ್ ಸೂಪರ್‌ವೈಸರ್.

ಮಿಷನ್ ಜೋಡಿಸಲು ಎರಡು ದಿನ ಬೇಕಾಗಿಲ್ಲ. ಕೈ ಕೂರಲು ಮಾತ್ರ ಒಂದು ವಾರ ಬೇಕು. ಇವೆರಡನ್ನೂ ಒಂದೇ ಲೆಕ್ಕದಲ್ಲಿ ಹಾಕಿದರೆ ಡೆಲಿವರಿ ಡೇಟ್ ತಪ್ಪುತ್ತದೆ.

ಮೊದಲು ಮಿಷನ್ ವಿಷಯ. 40 ಜನ ಒಂದು ಗಂಟೆ ಸುಮ್ನೆ ಕೂತರೆ 2,400 ನಿಮಿಷ ಹೋಯಿತು. ಒಂದು ಪ್ಯಾಂಟಿಗೆ ಒಟ್ಟು 25 ನಿಮಿಷ ಅಂತ ಇಟ್ಟುಕೊಳ್ಳಿ. ಪೂರ್ತಿ ಸ್ಪೀಡಿನಲ್ಲಿ 96 ಪ್ಯಾಂಟ್ ಆಗುತ್ತಿತ್ತು. ಅಷ್ಟು ಹೊತ್ತು ಏನಾಗುತ್ತಿರುತ್ತದೆ ನೋಡಿ: ಮೆಕ್ಯಾನಿಕ್ ದಪ್ಪ ಸೂಜಿ ಹುಡುಕುತ್ತಿರುತ್ತಾರೆ, ಜಿಪ್ ಹೊಲಿಯುವಾಗ ಬಟ್ಟೆ ಒತ್ತಿ ಹಿಡಿಯುವ ಜಿಪ್ ಫೂಟ್ ಸ್ಟೋರ್‌ನಲ್ಲಿ ಸಿಗುವುದಿಲ್ಲ, ದಾರದ ಶೇಡ್ ಇನ್ನೂ ಅಪ್ರೂವ್ ಆಗಿರುವುದಿಲ್ಲ.

ಜಪಾನಿನ ಶಿಗಿಯೋ ಶಿಂಗೋ ಎಂಬ ಇಂಜಿನಿಯರ್ ಇದನ್ನೇ ಹಿಡಿದು ಕೆಲಸ ಮಾಡಿದವರು. ಟೊಯೋಟಾದಲ್ಲಿ 1,000 ಟನ್ ಪ್ರೆಸ್ಸಿನ ಡೈ (ಲೋಹದ ಅಚ್ಚು) ಬದಲಾಯಿಸಲು ನಾಲ್ಕು ಗಂಟೆ ಹಿಡಿಯುತ್ತಿತ್ತು. 1969ರಲ್ಲಿ ಅವರು ಅದನ್ನು ಮೊದಲು ತೊಂಬತ್ತು ನಿಮಿಷಕ್ಕೆ, ಆಮೇಲೆ ಮೂರು ನಿಮಿಷಕ್ಕೆ ಇಳಿಸಿದರು. ಮಿಷನ್ ನಿಂತ ಮೇಲೆಯೇ ಮಾಡಬೇಕಾದ ಕೆಲಸ ಯಾವುದು, ಅದು ಓಡುತ್ತಿರುವಾಗಲೇ ಮಾಡಿಡಬಹುದಾದ್ದು ಯಾವುದು ಅಂತ ಅವರು ಬೇರೆ ಬೇರೆ ಮಾಡಿದರು. ನಮ್ಮ ಹೊಲಿಗೆ ಲೈನಿಗೂ ಇದು ಹಾಗೇ ಹೊಂದುತ್ತದೆ. ಶರ್ಟ್ ಇನ್ನೂ ಓಡುತ್ತಿರುವಾಗಲೇ ಬೆಲ್ಟ್ ಪಟ್ಟಿ ಹೊಲಿಯುವ ಹಲವು ಸೂಜಿಯ ಕಾನ್ಸಾಯ್ ಮಿಷನ್, ಜೇಬಿನ ತುದಿಯಂಥ ಕಡೆ ಗಟ್ಟಿ ಹೊಲಿಗೆ ಹಾಕುವ ಬಾರ್‌ಟ್ಯಾಕ್ ಮಿಷನ್ ಎರಡನ್ನೂ ಪಕ್ಕದಲ್ಲಿ ಸೆಟ್ ಮಾಡಿಸಿ. ಬಟ್ಟೆ ಮಡಚಿ ಕೊಡುವ ಫೋಲ್ಡರ್, ಫೂಟ್, ಸೂಜಿ, ದಾರ ಎಲ್ಲವನ್ನೂ ಮಿಷನ್‌ಗೆ ಒಂದರಂತೆ ಟ್ರೇಯಲ್ಲಿ ಇಡಿ. ಅದೇ ಬಟ್ಟೆಯ ಚೂರಿನ ಮೇಲೆ ಹೊಲಿದು ನೋಡಿ.

ಲೈನನ್ನು ಪೂರ್ತಿ ಖಾಲಿ ಮಾಡಲೂ ಬೇಡಿ. ಶರ್ಟಿನ ಕೊನೆ ಬಂಡಲ್ ಮೊದಲ ಮಿಷನ್ ದಾಟಿದ ತಕ್ಷಣ ಅಲ್ಲಿಗೆ ಪ್ಯಾಂಟಿನ ಬಂಡಲ್ ಕೊಡಿ. ಅಲ್ಲಿ ಜೇಬು ಶುರುವಾದಾಗ ಈ ತುದಿಯಲ್ಲಿ ಕಾಜಾ ಹಾಕುವವರ ಕೈಯಲ್ಲಿ ಇನ್ನೂ ಶರ್ಟೇ ಇರಬೇಕು.

ಈಗ ಕೈ ವಿಷಯ. ನನಗೆ ಇದೇ ಮುಖ್ಯ.

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಎಷ್ಟೋ ಗಾರ್ಮೆಂಟ್ಸ್ ಪಿಪಿಇ ಕಿಟ್ ಹೊಲಿಯಲು ತಿರುಗಿದವು. ನಮ್ಮ ಲೈನ್ ಕೂಡ. ಹತ್ತು ಹದಿನೈದು ವರ್ಷ ಶರ್ಟ್ ಹೊಲಿದ ಅಕ್ಕಂದಿರಿಗೆ ಆ ಬಟ್ಟೆ ಹೊಸದು. ನೇಯ್ದ ಬಟ್ಟೆಯಲ್ಲ, ಮೇಲೆ ಪ್ಲಾಸ್ಟಿಕ್ ಪದರ, ಜಾರುತ್ತದೆ. ತಪ್ಪಾದರೆ ಬಿಚ್ಚಿ ಹೊಲಿಯುವ ಹಾಗೂ ಇಲ್ಲ, ಸೂಜಿ ತೂತು ಹಾಗೇ ಉಳಿಯುತ್ತದೆ. ಹೊಲಿಗೆಯ ಮೇಲೆ ಬಿಸಿ ಗಾಳಿಯಿಂದ ಟೇಪ್ ಅಂಟಿಸಬೇಕು. ಟೇಪ್ ಒಂದು ಕಡೆ ಎದ್ದರೂ ಒಳಗೆ ದ್ರವ ಇಳಿಯುತ್ತದೆ. ರಕ್ತದಂಥ ದ್ರವ ಹಾಕಿ ಟೆಸ್ಟ್ ಮಾಡುತ್ತಿದ್ದರು.

ಮೊದಲ ದಿನವೇ ಬೋರ್ಡಿನ ಮೇಲೆ ಶರ್ಟಿನ ಟಾರ್ಗೆಟ್ಟೇ ಬರೆದಿದ್ದರು. ಸಂಜೆ ಪೀಸ್ ಎಣಿಸಿದಾಗ ಕೂಗಾಟ. ನಮ್ಮ ಅತಿ ಒಳ್ಳೆಯ ಕಾಲರ್ ಟೈಲರ್ ಅವತ್ತು ಮಿಷನ್ ಮೇಲೆ ತಲೆ ಇಟ್ಟು ಅತ್ತರು. ಆ ಅಕ್ಕನ ಕೈಯಲ್ಲಿ ಒಂದು ಹೊಲಿಗೆಯೂ ವಾರೆ ಹೋದದ್ದನ್ನು ನಾನು ನೋಡಿಲ್ಲ. ಅವರನ್ನು ಬೈಯುವಾಗ ನಾನು ಪಕ್ಕದಲ್ಲೇ ನಿಂತು ಸುಮ್ಮನಿದ್ದೆ. ಅದು ಇವತ್ತಿಗೂ ನೋಯುತ್ತದೆ.

ಮರುದಿನ ಬೆಳಗ್ಗೆ ನಾನೇ ಮಾತಾಡಿ ಅರ್ಧ ಗಂಟೆ ಕೇಳಿಕೊಂಡೆ. ಎಲ್ಲರಿಗೂ ವೇಸ್ಟ್ ಚೂರು ಕೊಟ್ಟು ಸುಮ್ನೆ ಹೊಲಿಯಲು ಬಿಟ್ಟೆವು, ಲೆಕ್ಕ ಇಲ್ಲ. ಪ್ರತಿ ಮಿಷನ್ ಮುಂದೆ ಅಲ್ಲಿಗೆ ಬೇಕಾದಷ್ಟೇ ಹೊಲಿದ ಒಂದು ಸ್ಯಾಂಪಲ್ ನೇತುಹಾಕಿದೆವು. ಎಂಟನೇ ದಿನಕ್ಕೆ ಲೈನ್ ಓಡುತ್ತಿತ್ತು.

ನೀವೂ ಹಾಗೇ ಮಾಡಿ. ಕಾಲರ್ ಹೊಲಿಯುವವರಿಗೆ ಬೆಲ್ಟ್ ಪಟ್ಟಿ ಕೊಡಿ, ಎರಡಕ್ಕೂ ಅದೇ ನಾಜೂಕು ಬೇಕು. ತೋಳು ಕೂಡಿಸುವವರು ಕಾಲಿನ ಒಳಹೊಲಿಗೆಗೆ ಬೇಗ ಹೊಂದುತ್ತಾರೆ. ಜಿಪ್ ಮಾತ್ರ ಕಷ್ಟ. ಅದಕ್ಕೆ ಇಬ್ಬರನ್ನು ನಾಲ್ಕು ದಿನ ಮೊದಲೇ ತಯಾರು ಮಾಡಿ. ಯಾರಿಗೆ ಯಾವ ಕೆಲಸ ಅಂತ ತೀರ್ಮಾನ ಮಾಡುವ ಮೊದಲು ಅವರನ್ನೇ ಒಮ್ಮೆ ಕೇಳಿ. ಹಿಂದೆ ಬೇರೆ ಕಡೆ ಪ್ಯಾಂಟ್ ಹೊಲಿದವರು ನಿಮ್ಮಲ್ಲೇ ಇರುತ್ತಾರೆ, ಯಾರೂ ಕೇಳಿರುವುದಿಲ್ಲ ಅಷ್ಟೇ.

ಆರ್ಡರ್ ಕೊಟ್ಟವರ ಹತ್ತಿರ ಡೇಟ್ ಮಾತಾಡುವಾಗ ಮೊದಲ ದಿನಕ್ಕೆ ಪೂರ್ತಿ ಟಾರ್ಗೆಟ್ಟಿನ ಕಾಲು ಭಾಗ, ಮೂರನೇ ದಿನಕ್ಕೆ ಅರ್ಧ, ವಾರದ ಕೊನೆಗೆ ಪೂರ್ತಿ ಅಂತ ಲೆಕ್ಕ ಹಾಕಿ. ಬೋರ್ಡಿನ ಮೇಲೂ ಅದನ್ನೇ ಬರೆಯಿರಿ.