ಅಪ್ಪನ ಕಾಲದ ಚೈನ್‌ಸಾ: ದುರಸ್ತಿಯೋ, ಹೊಸದೋ?

ಪ್ರಶ್ನೆ: ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಹನ್ನೆರಡು ಎಕರೆ ಕಾಫಿ ತೋಟ. ತಂದೆಯವರು 1990ರ ದಶಕದ ಆರಂಭದಲ್ಲಿ ಎಸ್ಟೇಟೊಂದರ ಹಳೆಯ ಸಾಮಾನಿನ ಹರಾಜಿನಲ್ಲಿ ಕೊಂಡ ಸ್ಟಿಲ್ ಕಂಪನಿಯ 070 ಚೈನ್‌ಸಾ, 36 ಇಂಚಿನ ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಸಮೇತ ಮನೆಯಲ್ಲಿದೆ. ತಂದೆ ತೀರಿಕೊಂಡ ಮೇಲೆ ಎರಡು ಮಳೆಗಾಲ ಅದು ಉಗ್ರಾಣದಲ್ಲೇ ಇತ್ತು. ಟ್ಯಾಂಕಿನಲ್ಲಿದ್ದ ಪೆಟ್ರೋಲನ್ನೂ ಯಾರೂ ತೆಗೆದಿರಲಿಲ್ಲ. ಈಗ ಬಹಳ ಹೊತ್ತು ಹಗ್ಗ ಎಳೆದ ಮೇಲೆ ಸ್ಟಾರ್ಟ್ ಆಗುತ್ತದೆ, ಎಕ್ಸಲರೇಟರ್ ಒತ್ತಿದೊಡನೆ ನಿಂತುಹೋಗುತ್ತದೆ, ಬಿಸಿಯಾದ ಮೇಲಂತೂ ಮತ್ತೆ ಹಿಡಿಯುವುದೇ ಇಲ್ಲ. ತೋರಿಸಿದ ಮೆಕ್ಯಾನಿಕ್ ಒಬ್ಬರು ಹಗ್ಗವನ್ನು ಎರಡು ಸಲ ಎಳೆದು ನೋಡಿ, ‘ಸಿಲಿಂಡರ್ ಹೋಗಿದೆ, ಗುಜರಿಗೆ ಹಾಕಿ’ ಎಂದರು. ನೋಡಲು ಥೇಟ್ ಇದರಂತೆಯೇ ಇರುವ ಯಂತ್ರ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ, ಅದನ್ನೇ ತರೋಣ ಎಂಬುದು ತಮ್ಮನ ಮಾತು. ಅಪ್ಪ ಬಳಸಿದ ಯಂತ್ರವನ್ನು ಬಿಡಲು ನನಗೆ ಮನಸ್ಸಿಲ್ಲ. ದುರಸ್ತಿ ಮಾಡಿಸುವುದು ಸರಿಯೇ? ಮಾಡಿಸಿದರೆ ಮರಗಸಿಗೆ, ಅಂದರೆ ನೆರಳು ಮರಗಳ ಕೊಂಬೆ ಸವರುವ ಕೆಲಸಕ್ಕೆ, ಆಳುಗಳ ಕೈಗೆ ಕೊಡಬಹುದೇ?
— ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ದುರಸ್ತಿ ಮಾಡಿಸಿ; ಆದರೆ ಮರಗಸಿಗೆ ಕೊಡಬೇಡಿ. ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಈ ಎಂಜಿನ್ ಮತ್ತೆ ಓಡುತ್ತದೆಯೇ ಎಂಬುದು ಮೊದಲನೆಯದು, ಓಡಿದರೆ ಅದನ್ನು ಯಾವ ಕೆಲಸಕ್ಕೆ, ಯಾರ ಕೈಗೆ ಕೊಡಬೇಕು ಎಂಬುದು ಎರಡನೆಯದು. ಮೊದಲನೆಯದಕ್ಕೆ ‘ಬಹುಮಟ್ಟಿಗೆ ಓಡುತ್ತದೆ’ ಎಂಬ ಉತ್ತರ ಬಂದರೂ ಎರಡನೆಯದು ತಾನಾಗಿ ಬಗೆಹರಿಯುವುದಿಲ್ಲ.

ಎಕ್ಸಲರೇಟರ್ ಒತ್ತಿದಾಗ ನಿಂತುಹೋಗುವುದು ಸಿಲಿಂಡರ್ ಸವೆದ ಲಕ್ಷಣಕ್ಕಿಂತ ಹೆಚ್ಚಾಗಿ ಪೆಟ್ರೋಲ್ ಸಾಲದ ಲಕ್ಷಣ. ಎರಡು ವರ್ಷ ಟ್ಯಾಂಕಿನಲ್ಲಿ ಪೆಟ್ರೋಲ್ ಉಳಿದಿತ್ತು ಎಂದು ನೀವೇ ಬರೆದಿರುವುದರಿಂದ ನನ್ನ ಅನುಮಾನ ಮೊದಲು ಕಾರ್ಬುರೇಟರಿನ ಕಡೆಗೆ ಹೋಗುತ್ತದೆ. ಈ ಯಂತ್ರದ ಕಾರ್ಬುರೇಟರಿನಲ್ಲಿ ಬೈಕಿನಲ್ಲಿರುವಂತಹ ಫ್ಲೋಟ್ ಇಲ್ಲ; ತೆಳುವಾದ ಒಂದು ಡಯಾಫ್ರಮ್ ಮಿಡಿಯುತ್ತಾ ಪೆಟ್ರೋಲನ್ನು ಒಳಗೆ ಬಿಡುತ್ತದೆ. ಆ ಪೊರೆ ಒಣಗಿ ಬಿರುಸಾದರೆ ಐಡಲಿಂಗಿಗೆ ಬೇಕಾದಷ್ಟನ್ನು ಹೇಗೋ ಒದಗಿಸುತ್ತದೆ, ಹೆಚ್ಚು ಕೇಳಿದಾಗ ಕೈಕೊಡುತ್ತದೆ. ಡಯಾಫ್ರಮ್, ಗ್ಯಾಸ್ಕೆಟ್, ಸೂಜಿ ವಾಲ್ವ್ ಸೇರಿದ ಕಿಟ್ಟನ್ನೂ ಅದರ ಜೊತೆಗೆ ಪೆಟ್ರೋಲ್ ಪೈಪು ಮತ್ತು ಟ್ಯಾಂಕಿನೊಳಗಿನ ಫಿಲ್ಟರನ್ನೂ ಬದಲಾಯಿಸುವುದು ಇಡೀ ದುರಸ್ತಿಯಲ್ಲೇ ಅಗ್ಗದ ಕೆಲಸ. ಸಿಲಿಂಡರಿನ ಬಗ್ಗೆ ತೀರ್ಪು ಕೊಡುವ ಮುನ್ನ ಇದನ್ನು ಮಾಡದ ಮೆಕ್ಯಾನಿಕ್ ಆತುರಪಟ್ಟಿದ್ದಾರೆ ಎಂದೇ ನನ್ನ ಅಭಿಪ್ರಾಯ.

ಪೆಟ್ರೋಲಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಿಮ್ಮ ತಂದೆಯವರು ಹಾಕುತ್ತಿದ್ದ ಪೆಟ್ರೋಲು ಈಗ ಬಂಕಿನಲ್ಲಿ ಸಿಗುವುದಿಲ್ಲ. ಶೇ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು; ಈಗ ಬಹುತೇಕ ಎಲ್ಲ ಕಡೆಯೂ ಅದೇ. ಎಥನಾಲ್ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಉಗ್ರಾಣದ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಹೀರಿದ ನೀರು ಒಂದು ಮಿತಿ ದಾಟಿದೊಡನೆ ನೀರು ಮತ್ತು ಎಥನಾಲ್ ಕೂಡಿಕೊಂಡು ಬೇರೆ ಪದರವಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ ಉಜ್ಜದಂತೆ ಪೆಟ್ರೋಲಿಗೆ ಬೆರೆಸುವ ಟೂ-ಸ್ಟ್ರೋಕ್ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೆಟ್ರೋಲ್ ಎಳೆಯುವ ಫಿಲ್ಟರ್ ಕೂತಿರುವುದು ತಳದಲ್ಲಿ. ಅಂದರೆ ಅಂತಹ ಟ್ಯಾಂಕಿನಿಂದ ಸ್ಟಾರ್ಟ್ ಮಾಡಿದ ಎಂಜಿನ್ನಿಗೆ ಆಯಿಲ್ ಇಲ್ಲದ ಆಹಾರ ಸಿಗುತ್ತದೆ. ಆದ್ದರಿಂದ ಇದನ್ನು ಓದಿದ ಮೇಲೆ ಸ್ಟಾರ್ಟ್ ಮಾಡಲೆಂದು ಇನ್ನೊಮ್ಮೆ ಹಗ್ಗ ಎಳೆಯಬೇಡಿ. ಟ್ಯಾಂಕಿನಲ್ಲಿರುವುದನ್ನು ಗಾಜಿನ ಬಾಟಲಿಗೆ ಬಗ್ಗಿಸಿ, ಅರ್ಧ ಗಂಟೆ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಕಾರಣ ನಿಮ್ಮ ಕಣ್ಣೆದುರಿಗೇ ಇದೆ.

ಇನ್ನು ಸಿಲಿಂಡರ್. ಅದು ಹೋಗಿದೆಯೋ ಇಲ್ಲವೋ ಎಂಬುದನ್ನು ನೀವೇ ನೋಡಬಹುದು. ಸ್ವಿಚ್ ಆಫ್ ಮಾಡಿ, ಸ್ಟಾರ್ಟ್ ಸುಲಭವಾಗಲು ಒತ್ತಡ ಬಿಡುವ ಡಿಕಂಪ್ರೆಶನ್ ವಾಲ್ವ್ ಇದ್ದರೆ ಅದು ಮುಚ್ಚಿರುವಂತೆ ನೋಡಿಕೊಂಡು, ಬಾರ್ ಬಿಚ್ಚಿದ ಯಂತ್ರವನ್ನು ಸ್ಟಾರ್ಟರ್ ಹಗ್ಗದ ಹಿಡಿಯಿಂದಲೇ ನೆಲದ ಸಮೀಪದಲ್ಲಿ ತೂಗುಬಿಡಿ. ತಡೆತಡೆದು, ಮೆಟ್ಟಿಲು ಇಳಿದಂತೆ ಇಳಿದರೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಇದೆ. ಸರ್ರನೆ ಜಾರಿ ಬಂದರೆ ಇಲ್ಲ. ಮೀಟರ್ ಇರುವ ವರ್ಕ್‌ಶಾಪಿನಲ್ಲಿ ಅಳೆಸಿದರೆ ಇನ್ನೂ ಒಳ್ಳೆಯದು: 120 ಪಿಎಸ್ಐ (ಒತ್ತಡದ ಅಳತೆ) ಮೇಲಿದ್ದರೆ ನಿಶ್ಚಿಂತೆಯಿಂದಿರಿ, 100ಕ್ಕಿಂತ ಕೆಳಗಿದ್ದರೆ ಒಳಗೆ ನೋಡಲೇಬೇಕು. ಅದಕ್ಕೂ ಸಿಲಿಂಡರ್ ಬಿಚ್ಚಬೇಕಾಗಿಲ್ಲ. ಸೈಲೆನ್ಸರ್ ತೆಗೆದು, ಟಾರ್ಚ್ ಹಿಡಿದು, ಹಗ್ಗವನ್ನು ನಿಧಾನವಾಗಿ ಎಳೆಯುತ್ತಾ ಹೋದರೆ ಎಕ್ಸಾಸ್ಟ್ ಕಿಂಡಿಯಲ್ಲಿ ಪಿಸ್ಟನ್ನಿನ ಮೈ ಕಾಣುತ್ತದೆ. ನಯವಾಗಿ, ಸಣ್ಣ ಅಡ್ಡಗೀರುಗಳಷ್ಟೇ ಇದ್ದರೆ ಅದು ಆರೋಗ್ಯವಂತ ಪಿಸ್ಟನ್. ಮೇಲಿನಿಂದ ಕೆಳಕ್ಕೆ ಉಗುರಿಗೆ ಸಿಗುವಷ್ಟು ಆಳದ ಗೆರೆಗಳಿದ್ದರೆ ಆಯಿಲ್ ಸಾಲದೆ ಉಜ್ಜಿದೆ ಎಂದರ್ಥ.

ಹಾಗೆ ಉಜ್ಜಿದ್ದರೂ ಎಲ್ಲವೂ ಮುಗಿಯಿತು ಎಂದಲ್ಲ. ಈ ಸಿಲಿಂಡರ್ ಅಲ್ಯೂಮಿನಿಯಂನದು, ಒಳಮೈಗೆ ಗಟ್ಟಿ ಲೋಹದ ತೆಳುವಾದ ಲೇಪನವಿದೆ. ಎಷ್ಟೋ ಸಲ ಗೀರಿನಂತೆ ಕಾಣುವುದು ಪಿಸ್ಟನ್ನಿನಿಂದ ಕರಗಿ ಅಂಟಿಕೊಂಡ ಅಲ್ಯೂಮಿನಿಯಂ ಅಷ್ಟೇ; ಅನುಭವವಿರುವವರು ಅದನ್ನು ಆ್ಯಸಿಡ್ಡಿನಿಂದ ಎಚ್ಚರಿಕೆಯಿಂದ ಬಿಡಿಸಿ, ಹೊಸ ಪಿಸ್ಟನ್ ಮತ್ತು ರಿಂಗ್ ಕೂರಿಸಿದರೆ ಹಳೆಯ ಸಿಲಿಂಡರೇ ಮತ್ತೆ ದುಡಿಯುತ್ತದೆ. ಲೇಪನವೇ ಎದ್ದಿದ್ದರೆ ಸಿಲಿಂಡರ್ ಬದಲಾಯಿಸಬೇಕು. ಹಳೆಯ ಬೈಕಿನ ಸಿಲಿಂಡರಿಗೆ ಮಾಡುವಂತೆ ಲೇತ್‌ನಲ್ಲಿ ಬೋರ್ ಮಾಡಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಏಕೆಂದರೆ ಬೋರ್ ಮಾಡುವಾಗ ಮೊದಲು ಹೋಗುವುದು ಆ ಲೇಪನವೇ.

ಬಿಸಿಯಾದ ಮೇಲೆ ಹಿಡಿಯುವುದಿಲ್ಲ ಎಂಬ ದೂರಿಗೆ ಬೇರೆಯದೇ ಕಾರಣವಿರಬಹುದು. ಹಾಗೆ ನಿಂತ ಕೂಡಲೇ, ತಣ್ಣಗಾಗಲು ಬಿಡದೆ, ಪ್ಲಗ್ ಬಿಚ್ಚಿ ಕಿಡಿ ನೋಡಬೇಕು. ಕಿಡಿ ಇಲ್ಲದಿದ್ದರೆ ಕಿಡಿ ಹುಟ್ಟಿಸುವ ಕಾಯಿಲ್, ಅಥವಾ ನಿಮ್ಮದು ಪಾಯಿಂಟ್ಸ್ ಇರುವ ಹಳೆಯ ಮಾದರಿಯಾಗಿದ್ದರೆ ಕಂಡೆನ್ಸರ್, ಕಾವಿಗೆ ಸೋಲುತ್ತಿದೆ. ಕಿಡಿ ಚೆನ್ನಾಗಿದ್ದೂ ಹಿಡಿಯದಿದ್ದರೆ ಸವೆದ ರಿಂಗ್, ಇಲ್ಲವೇ ಕ್ರ್ಯಾಂಕಿನ ಎರಡು ತುದಿಗಳಲ್ಲಿರುವ ಆಯಿಲ್ ಸೀಲ್‌ಗಳು. ಇಷ್ಟು ಹಳೆಯ ಯಂತ್ರದಲ್ಲಿ ಸೀಲ್‌ಗಳನ್ನು ಪರೀಕ್ಷೆಗೆ ಕಾಯದೆ ಬದಲಾಯಿಸಿಬಿಡುವುದು ಲೇಸು: ಬಿರುಸಾದ ಸೀಲಿನ ಮೂಲಕ ಗಾಳಿ ಒಳಗೆ ಎಳೆದುಕೊಂಡ ಎಂಜಿನ್ ತೆಳು ಮಿಶ್ರಣದಲ್ಲಿ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಓಡಿ, ನೀವು ಹೊಸದಾಗಿ ಹಾಕಿಸಿದ ಪಿಸ್ಟನ್ನನ್ನೂ ಸುಡುತ್ತದೆ.

ಇಷ್ಟಾದ ಮೇಲೆ ಕಾರ್ಬುರೇಟರ್ ಟ್ಯೂನಿಂಗ್. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಅದೇ ಕೆಲಸಕ್ಕೆ ಸ್ವಲ್ಪ ಹೆಚ್ಚು ಪೆಟ್ರೋಲ್ ಬೇಕಾಗುವುದರಿಂದ, ನಿಮ್ಮ ತಂದೆ ಇಟ್ಟಿದ್ದ ತಿರುಪಿನ ಲೆಕ್ಕ ಇಂದಿಗೆ ತೆಳುವಾಗುತ್ತದೆ. ಕಡಿಮೆ ವೇಗಕ್ಕೊಂದು, ಹೆಚ್ಚು ವೇಗಕ್ಕೊಂದು ಇರುವ ಎರಡೂ ತಿರುಪುಗಳನ್ನು ಮೆಲ್ಲಗೆ ಮುಚ್ಚಿ ಒಂದೊಂದು ಸುತ್ತು ತೆರೆದು ಪ್ರಾರಂಭಿಸಿ, ಉಳಿದದ್ದನ್ನು ಕಿವಿಯಿಂದ ಸರಿಪಡಿಸುವುದು ರೂಢಿ. ಮರಕ್ಕೆ ತಗುಲಿಸದೆ ಪೂರ್ತಿ ಎಕ್ಸಲರೇಟರ್ ಕೊಟ್ಟಾಗ ಸದ್ದು ತುಸು ತೊದಲಬೇಕು, ದಿಮ್ಮಿಯೊಳಗೆ ಇಳಿದಾಗ ಆ ತೊದಲು ಬಿಟ್ಟುಹೋಗಬೇಕು. ಕಿರುಚುವಂತೆ ಕೇಳಿಸಿದರೆ ಮಿಶ್ರಣ ತೆಳುವಾಗಿದೆ. ಆದರೆ ವೇಗಕ್ಕೆ ಮಿತಿ ಹಾಕುವ ಗವರ್ನರ್ ಇರುವ ಕಾರ್ಬುರೇಟರ್ ತಾನಾಗಿಯೇ ತೊದಲುವುದರಿಂದ ಕಿವಿಯನ್ನು ಮೋಸಗೊಳಿಸಬಲ್ಲದು. ಅಲ್ಲಿ ಪ್ಲಗ್ಗಿನ ತುದಿಯ ಬಣ್ಣವನ್ನೂ ನೋಡಬೇಕು. ತಿಳಿಗಂದು ಸರಿ, ಬಿಳಿ ಅಪಾಯ. ಆಯಿಲ್ ಮೊದಲ ಕೆಲವು ಟ್ಯಾಂಕಿಗೆ ಲೀಟರಿಗೆ 40 ಮಿಲೀ ಇರಲಿ, ಅದೂ ಮುಚ್ಚಳ ಬಿಗಿಯಾದ ಕ್ಯಾನಿನಲ್ಲಿ ಒಂದು ತಿಂಗಳಿಗೆ ಸಾಕಾಗುವಷ್ಟನ್ನು ಮಾತ್ರ ಬೆರೆಸಿ. ಚೈನಿಗೆ ಹಾಕುವುದು ಬೇರೆ ಆಯಿಲ್. ಗ್ಯಾರೇಜಿನಲ್ಲಿ ಬಿಟ್ಟಿ ಸಿಗುವ ಸುಟ್ಟ ಎಂಜಿನ್ ಆಯಿಲನ್ನು ಅಲ್ಲಿ ಸುರಿಯುವ ಚಾಳಿ ನಮ್ಮ ಭಾಗದಲ್ಲಿ ಬಹಳವಿದೆ. ಅದರಲ್ಲಿನ ಲೋಹದ ಪುಡಿ ಪಂಪನ್ನೂ ಬಾರನ್ನೂ ತಿನ್ನುತ್ತದೆ, ಹಾರಿದ್ದು ಕಾಫಿ ಗಿಡದ ಬುಡಕ್ಕೂ ಹಿಡಿದವರ ಮುಖಕ್ಕೂ ಬೀಳುತ್ತದೆ.

ಎಂಜಿನ್ನಿನ ಮಾತು ಇಲ್ಲಿಗೆ ಸಾಕು. ಆಳುಗಳ ಕೈಗೆ ಏಕೆ ಕೊಡಬಾರದು ಎಂಬುದು ನನಗೆ ಇದಕ್ಕಿಂತ ಮುಖ್ಯ. ನೂರು ಸಿಸಿ ಮೀರಿದ, ಬಾರ್ ಸೇರಿ ಹತ್ತು ಕಿಲೋ ದಾಟುವ ಈ ಯಂತ್ರವನ್ನು ಮಾಡಿದ್ದು ನೆಲದ ಮೇಲೆ ಬಿದ್ದ ದಪ್ಪ ದಿಮ್ಮಿಗಳನ್ನು ತುಂಡರಿಸುವುದಕ್ಕೆ. ಏಣಿಯ ಮೇಲೆ ನಿಂತು ಸಿಲ್ವರ್ ಓಕಿನ ಕೊಂಬೆ ಸವರುವುದಕ್ಕಲ್ಲ. ಮುಂಗೈಯ ಮುಂದೆ ಇರುವ ಗುರಾಣಿಯಂತಹ ಸನ್ನೆ, ಅಂದರೆ ಚೈನ್ ಬ್ರೇಕ್, ಇಂದಿನ ಯಂತ್ರಗಳಲ್ಲಿ ಇದ್ದೇ ಇರುತ್ತದೆ. ಈ ಮಾದರಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಬಾರಿನ ತುದಿಯ ಮೇಲಂಚು ಕೊಂಬೆಗೋ ಪಕ್ಕದ ದಿಮ್ಮಿಗೋ ತಗುಲಿದರೆ ಬಾರ್ ಚಿಮ್ಮಿ ಹಿಡಿದವರ ಕುತ್ತಿಗೆಯ ಕಡೆಗೇ ಬರುತ್ತದೆ, ಮತ್ತು ಅದು ಬರುವ ವೇಗಕ್ಕೆ ಯಾರ ಕೈಯೂ ಸಾಟಿಯಲ್ಲ. ಬ್ರೇಕ್ ಇದ್ದರೆ ಚೈನ್ ಅಷ್ಟರಲ್ಲಿ ಸಾಮಾನ್ಯವಾಗಿ ನಿಂತಿರುತ್ತದೆ. ಇದನ್ನು ಯಾವ ದುರಸ್ತಿಯೂ ಸರಿಪಡಿಸಲಾರದು. ವೆಲ್ಡಿಂಗ್ ಮಾಡಿ ಬ್ರೇಕ್ ಕೂಡಿಸಲು ಹೋಗುವುದು ಇನ್ನೂ ಕೆಟ್ಟದ್ದು. ಹಿಡಿಗಳಿಗೆ ಕಂಪನ ತಡೆಯುವ ರಬ್ಬರ್ ಇಲ್ಲದ ಯಂತ್ರವನ್ನು ದಿನವಿಡೀ ಹಿಡಿದವರ ಬೆರಳುಗಳು ವರ್ಷಗಳ ಮೇಲೆ ಜೋಮು ಹಿಡಿಯುತ್ತವೆ, ಚಳಿಯ ಬೆಳಗುಗಳಲ್ಲಿ ಬಿಳಿಚಿಕೊಳ್ಳುತ್ತವೆ. ನಿಮ್ಮ ತಂದೆಯವರು ಅದನ್ನು ಅಷ್ಟು ಕಾಲ ನಿಭಾಯಿಸಿದ್ದರೆ ಅದು ಅವರ ಪಳಗಿದ ಕೈಯಿಂದ. ಆ ಕೈಯನ್ನು ಯಂತ್ರದ ಜೊತೆಗೆ ಆಳಿಗೆ ಹಸ್ತಾಂತರಿಸಲು ಬರುವುದಿಲ್ಲ.

ಹೀಗಾಗಿ ನಿತ್ಯದ ಕೆಲಸಕ್ಕೆ ಹೊಸದೊಂದು ಬೇಕೇ ಬೇಕು. 45ರಿಂದ 55 ಸಿಸಿ, 18 ಇಂಚಿನ ಬಾರ್, ಐದು ಕಿಲೋ ಆಸುಪಾಸಿನ ತೂಕ: ಹನ್ನೆರಡು ಎಕರೆಯ ಸಿಲ್ವರ್ ಓಕ್, ಗಾಳಿಗೆ ಬಿದ್ದ ಹಾಲುವಾಣ, ಮನೆಯ ಸೌದೆ, ಎಲ್ಲಕ್ಕೂ ಅದು ಸಾಕು. ಮರ ಹತ್ತಿ ಮಾಡುವ ಕೆಲಸಕ್ಕೆ ಇದೂ ಅಲ್ಲ. ಅಲ್ಲಿ ಕತ್ತಿಯೋ ನೆಲದಿಂದಲೇ ಬಳಸುವ ಉದ್ದ ಕೋಲಿನ ಗರಗಸವೋ ಇರಲಿ. ಬ್ರ್ಯಾಂಡಿಗಿಂತ ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಬಿಡಿಭಾಗ ಇಟ್ಟುಕೊಂಡಿರುವ ಅಂಗಡಿ ಯಾವುದು ಎಂದು ವಿಚಾರಿಸಿ ಕೊಳ್ಳಿ. ನಿಮ್ಮ ತಮ್ಮ ತೋರಿಸಿದ ಅಗ್ಗದ ನಕಲು ಮಾತ್ರ ಬೇಡ: ಅದರಲ್ಲಿ ಅಪ್ಪನ ಯಂತ್ರದ ತೂಕವಿದೆ, ಬ್ರೇಕಿಲ್ಲದ ಅಪಾಯವಿದೆ, ಇಲ್ಲದಿರುವುದು ಅದರ ಗಟ್ಟಿತನವೊಂದೇ. ನಕಲುಗಳಿಂದ ಆದ ಉಪಕಾರವೆಂದರೆ, ಅವುಗಳ ದೆಸೆಯಿಂದ ಹಳೆಯ 070ಕ್ಕೆ ಹೊಂದುವ ಬಿಡಿಭಾಗಗಳು ಇಂದಿಗೂ ಸುಲಭವಾಗಿ ಸಿಗುತ್ತವೆ. ಸೀಲ್, ಬೇರಿಂಗ್, ಪಿಸ್ಟನ್ ರಿಂಗ್‌ಗಳನ್ನು ಮಾತ್ರ ಸಾಧ್ಯವಾದರೆ ಅಸಲಿ ಹಾಕಿಸಿ.

ದುರಸ್ತಿಯಾದ ಹಳೆಯದನ್ನು ನೆಲದ ಮೇಲಿನ ದಪ್ಪ ದಿಮ್ಮಿಗೆಂದು ನೀವೇ ಇಟ್ಟುಕೊಳ್ಳಿ, ವರ್ಷಕ್ಕೆ ನಾಲ್ಕಾರು ದಿನ, ಹೆಲ್ಮೆಟ್ಟು, ಕಿವಿಗೆ ರಕ್ಷಣೆ, ಕಾಲಿಗೆ ಗಟ್ಟಿ ಬೂಟು ಹಾಕಿಕೊಂಡು. 36 ಇಂಚಿನ ಬಾರ್ ಕಾಡುಮರದ ಕಾಲದ್ದು. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಂತೆ ಸಿಲ್ವರ್ ಓಕಿಗೆ ವಿನಾಯಿತಿಯಿದ್ದರೂ ತೋಟದ ಕಾಡುಮರಗಳಿಗೆ ಅನುಮತಿ ಬೇಕು, ಆದ್ದರಿಂದ ಅಷ್ಟುದ್ದದ ಬಾರಿಗೆ ಕೆಲಸ ಸಿಗುವುದೇ ಅಪರೂಪ. ಅದಕ್ಕೆ ಎಣ್ಣೆ ಸವರಿ ಗೋಡೆಗೆ ತೂಗುಹಾಕಿ, ಇದೇ ಯಂತ್ರಕ್ಕೆ ಕೂರುವ 25 ಇಂಚಿನದನ್ನು ಹಾಕಿಸಿ. ಮುಂದಿನ ಭಾರ ಇಳಿದು ಹಿಡಿತ ಸಿಗುತ್ತದೆ. ಪ್ರತಿ ಸಲ ಎತ್ತಿಡುವ ಮುನ್ನ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ತೀರಿ ತಾನಾಗಿ ನಿಲ್ಲುವವರೆಗೆ ಓಡಿಸಿ, ಒದ್ದೆ ಹೊಟ್ಟನ್ನು ಮೂಲೆಮೂಲೆಯಿಂದ ಕೆರೆದು ತೆಗೆಯಿರಿ.

ಮೊದಲ ಹೆಜ್ಜೆ ಆ ಗಾಜಿನ ಬಾಟಲಿ ಮತ್ತು ಸೈಲೆನ್ಸರಿನ ಬೋಲ್ಟುಗಳು. ಕಿಂಡಿಯಲ್ಲಿ ಕಂಡ ಪಿಸ್ಟನ್ನಿನ ಫೋಟೊವನ್ನು ಟಾರ್ಚ್ ಬೆಳಕಿನಲ್ಲಿ ತೆಗೆದು ಈ ಅಂಕಣಕ್ಕೆ ಕಳುಹಿಸಿದರೆ, ರಿಂಗ್ ಸಾಕೋ ಪಿಸ್ಟನ್ ಬೇಕೋ ಎಂಬುದನ್ನು ಖರ್ಚಿಗೆ ಇಳಿಯುವ ಮುನ್ನವೇ ಹೇಳಬಹುದು.